ಉಪವಾಸದ ಮನೆಯಲ್ಲಿ ಹಸಿದ ಮರಿ

ಅಷ್ಟಮಿ, ಚತುರ್ದಶಿ ಪರ್ವಗಳು ಬಂದವೆಂದರೆ ಶ್ರಾವಕರ ಮನೆಗಳಲ್ಲಿ ಒಲೆ ತಣ್ಣಗಾಗುತ್ತದೆ. ಮನಸ್ಸು ಜಿನಾಲಯದತ್ತ ತಿರುಗುತ್ತದೆ. ಸಂಸಾರದ ಆರಂಭಗಳನ್ನು ತೊರೆದು, ಸ್ವಾಧ್ಯಾಯ ಸಾಮಾಯಿಕಗಳಲ್ಲಿ ಕಾಲವನ್ನು ಕಳೆಯುವುದೇ ಪ್ರೋಷಧೋಪವಾಸದ ಸ್ವರೂಪ. ಹಸಿವನ್ನು ಸಹಿಸುವುದು ಅದರ ಹೊರಮೈ. ಹಸಿವೆಂದರೇನೆಂಬುದನ್ನು ಅರಿತು ಸಕಲ ಜೀವಿಗಳಲ್ಲಿ ಅನುಕಂಪೆ ತಾಳುವುದು ಅದರ ಒಳತಿರುಳು. ಹೊರಮೈ ಇದ್ದು ತಿರುಳಿಲ್ಲದ ಉಪವಾಸವನ್ನು ಹಿರಿಯರು ಲಂಘನವೆಂದು ಕರೆದರು. ಜ್ವರ ಬಂದವನೂ ಲಂಘನ ಮಾಡುತ್ತಾನೆ, ಅದರಿಂದ ಕರ್ಮನಿರ್ಜರೆಯಾಗುವುದಿಲ್ಲ.

ಈ ಮಾತನ್ನು ಪರೀಕ್ಷೆಗೊಡ್ಡುವ ಪ್ರಸಂಗಗಳು ಶಾಸ್ತ್ರಸಭೆಯಲ್ಲಿ ಬರುವುದಿಲ್ಲ, ಹಿತ್ತಲಿನಲ್ಲಿ ಬರುತ್ತವೆ. ಅಂತಹುದೊಂದು ಪ್ರಸಂಗವನ್ನು ದೃಷ್ಟಾಂತವಾಗಿ ಭಾವಿಸಿಕೊಳ್ಳಬಹುದು.

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆಯ ಮಹದೇಶ್ವರ ಬೆಟ್ಟವನ್ನು ಹತ್ತಿ, ಆಚೆಗೆ ಪಾಲಾರ್ ಹೊಳೆಯ ಕಡೆಗೆ ಇಳಿದರೆ, ತಮಿಳುನಾಡಿನ ಗಡಿಗೆ ಅಂಟಿಕೊಂಡಂತೆ ಗೋಪಿನಾಥಂ ಎಂಬ ಗ್ರಾಮವಿದೆ. ಸುತ್ತಲೂ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಕಾಡು. ನಡುವೆ ಕೆರೆ, ಹೊಲ, ಮನೆಗಳು. ಇಂತಹ ಕಾಡಂಚಿನ ಊರೊಂದಕ್ಕೆ ಉದ್ಯೋಗನಿಮಿತ್ತ ಬಂದು ನೆಲೆಸಿದ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಚತುರ್ದಶಿಯ ಬೆಳಗು. ಮನೆಯ ಅತ್ತೆಯೂ ಸೊಸೆಯೂ ಉಪವಾಸದ ಸಂಕಲ್ಪ ಮಾಡಿದ್ದಾರೆ. ಹಿತ್ತಲ ಹುಲ್ಲಿನ ಮೆದೆಯ ಬುಡದಿಂದ ಸಣ್ಣ ದನಿಯೊಂದು ಎಡೆಬಿಡದೆ ಕೇಳುತ್ತಿದೆ. ಸೊಸೆ ಬಗ್ಗಿ ನೋಡುತ್ತಾಳೆ: ಕಣ್ಣು ತೆರೆಯದ ಮೂರು ಬೆಕ್ಕಿನ ಮರಿಗಳು. ತಾಯಿಬೆಕ್ಕು ಹಿಂದಿನ ಸಂಜೆ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತುದನ್ನು ಊರವರು ಕಂಡಿದ್ದಾರೆ.

"ಅತ್ತೆ, ಇವಕ್ಕೆ ಒಂದಿಷ್ಟು ಹಾಲು ಕೊಡಲೇ?" ಎಂದು ಸೊಸೆ ಕೇಳುತ್ತಾಳೆ.

ಅತ್ತೆ ಕಲ್ಲೆದೆಯವರಲ್ಲ. ಆದರೆ ಶಾಸ್ತ್ರ ಕೇಳಿ ಬೆಳೆದವರು. "ಇಂದು ಪರ್ವ, ಆರಂಭ ಮಾಡಬಾರದು. ಮೇಲಾಗಿ ಬೆಕ್ಕನ್ನು ಸಾಕುವುದು ಶ್ರಾವಕರಿಗೆ ನಿಷಿದ್ಧವಮ್ಮ. ಇವತ್ತು ಹಾಲೆರೆದರೆ ನಾಳೆ ಇಲಿ ಹಿಡಿಯುತ್ತದೆ. ಆ ಪಾಪದಲ್ಲಿ ಯಾರಿಗೆ ಪಾಲು? ಅಲ್ಲದೆ ಇವು ರಾತ್ರಿಯೆಲ್ಲಾ ಹಾಲು ಕೇಳುತ್ತವೆ. ರಾತ್ರಿ ಆಹಾರದ ಪಾತ್ರೆ ಮುಟ್ಟುವುದುಂಟೇ?"

ಮೂರು ಸಂದೇಹಗಳು. ಮೂರೂ ಹುರುಳಿಲ್ಲದವಲ್ಲ. ಇವುಗಳನ್ನು ತಳ್ಳಿಹಾಕಿ ಹಾಲೆರೆಯುವುದು ಕೇವಲ ಮೋಹವಾದೀತು. ಇವುಗಳನ್ನೇ ಹಿಡಿದು ಬಾಗಿಲು ಮುಚ್ಚುವುದು ನಿರ್ದಯೆಯಾದೀತು. ಆದುದರಿಂದ ಒಂದೊಂದನ್ನೇ ಶಾಸ್ತ್ರದ ಬೆಳಕಿನಲ್ಲಿ ವಿಚಾರಿಸಬೇಕು.

ಮೊದಲನೆಯದು, ಬೆಕ್ಕನ್ನು ಸಾಕುವುದರ ನಿಷೇಧ. ಇದು ಅತ್ತೆಯವರ ಕಲ್ಪನೆಯಲ್ಲ. ಸ್ವಾಮಿ ಕಾರ್ತಿಕೇಯರು ತಮ್ಮ ಅನುಪ್ರೇಕ್ಷಾ ಗ್ರಂಥದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು, ಆಯುಧಗಳನ್ನು ಮಾರುವುದರ ಜೊತೆಯಲ್ಲಿಯೇ ಎಣಿಸಿದ್ದಾರೆ. ಈ ಜೊತೆಯೇ ಅವರ ಅಭಿಪ್ರಾಯವನ್ನು ತಿಳಿಸುತ್ತದೆ. ಕಣಜದ ಇಲಿಗಳನ್ನು ಕೊಲ್ಲಲೆಂದು ಬೆಕ್ಕನ್ನು ಇಟ್ಟುಕೊಂಡವನು ಅದನ್ನು ಆಯುಧದಂತೆಯೇ ಬಳಸುತ್ತಾನೆ. ತನ್ನ ಕೈಯಿಂದ ಮಾಡದ ಕೊಲೆಯನ್ನು ಅದರ ಬಾಯಿಂದ ಮಾಡಿಸುತ್ತಾನೆ. ಅದು ಕಾರಿತ ಹಿಂಸೆ. ನಿಷೇಧವು ಬೆಕ್ಕೆಂಬ ಜೀವದ ಮೇಲಲ್ಲ, ಬೆಕ್ಕನ್ನು ಹಿಂಸೆಯ ಉಪಕರಣವಾಗಿಸುವ ಗೃಹಸ್ಥನ ಭಾವದ ಮೇಲೆ. ಭಾವದ ಈ ಪ್ರಾಧಾನ್ಯ ಕನ್ನಡದ ಶ್ರಾವಕರಿಗೆ ಹೊಸದಲ್ಲ. ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರಚರಿತೆಯನ್ನು ಕೇಳಿದವರಿಗೆ ಹಿಟ್ಟಿನ ಕೋಳಿಯ ಕಥೆ ಗೊತ್ತು. ಅಲ್ಲಿ ಕತ್ತಿಗೆ ಸಿಕ್ಕಿದ್ದು ಹಿಟ್ಟು. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಕೊಲ್ಲುವ ಸಂಕಲ್ಪದಿಂದ ಹಿಟ್ಟನ್ನು ಕಡಿದರೂ ಬಂಧವಾಗುವುದಾದರೆ, ಕಾಯುವ ಸಂಕಲ್ಪದಿಂದ ಬೆಕ್ಕಿನ ಮರಿಗೆ ಹಾಲೆರೆದುದು ಹಿಂಸಾದಾನ ಹೇಗಾದೀತು?

ಆದರೂ ಅತ್ತೆಯವರ ಪ್ರಶ್ನೆಯ ಮೊನೆ ಇನ್ನೂ ಉಳಿದಿದೆ. ಈ ಮರಿ ಬೆಳೆದು ಇಲಿ ಹಿಡಿಯುವುದು ನಿಶ್ಚಯವಷ್ಟೇ? ಇದಕ್ಕೆ ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಉತ್ತರವಿತ್ತಿದ್ದಾರೆ. ಒಂದು ಕ್ರೂರಪ್ರಾಣಿಯನ್ನು ಕೊಂದರೆ ಹಲವು ಜೀವಗಳು ಉಳಿಯುತ್ತವೆಂಬ ಲೆಕ್ಕದಿಂದ ಹಿಂಸ್ರ ಪ್ರಾಣಿಗಳನ್ನು ಕೊಲ್ಲಬಾರದೆಂದು ಅವರು ಸ್ಪಷ್ಟವಾಗಿ ವಿಧಿಸಿದ್ದಾರೆ. ಕೊಲ್ಲುವವನ ಬಾಯಲ್ಲಿ ಸಲ್ಲದ ಆ ಲೆಕ್ಕವು, ಸಾಯಲು ಬಿಡುವವನ ಬಾಯಲ್ಲಿ ಹೇಗೆ ಸಂದೀತು? ಮುಂದೆ ಇಲಿ ಹಿಡಿದೀತೆಂದು ಇಂದು ಕಣ್ಣು ತೆರೆಯದ ಮರಿಯನ್ನು ಹಸಿವಿಗೆ ಒಪ್ಪಿಸುವುದು ಅದೇ ಲೆಕ್ಕದ ಇನ್ನೊಂದು ಮುಖವೇ ಆಗಿದೆ. ಪ್ರತಿಯೊಂದು ಜೀವವೂ ತನ್ನ ಭಾವಗಳಿಗೆ, ತನ್ನ ಬಂಧಗಳಿಗೆ ತಾನೇ ಹೊಣೆ. ಶ್ರಾವಕನ ಮುಂದಿರುವುದು ನಾಳೆಯ ಬೇಟೆಗಾರನಲ್ಲ, ಇಂದಿನ ಅನಾಥ.

ಬೆಕ್ಕೆಂದರೆ ಪಾಪಪ್ರಾಣಿ ಎಂದು ಮೂಗು ಮುರಿಯುವವರು ಇನ್ನೂ ಒಂದು ಮಾತನ್ನು ನೆನೆಯಬೇಕು. ಬೆಕ್ಕು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವ. ಅದಕ್ಕೆ ಮನಸ್ಸುಂಟು. ಆಗಮದ ಪ್ರಕಾರ ಸಂಜ್ಞಿ ಪಂಚೇಂದ್ರಿಯ ತಿರ್ಯಂಚರು ಸಮ್ಯಕ್ತ್ವವನ್ನು ಪಡೆದು ಐದನೆಯ ಗುಣಸ್ಥಾನದವರೆಗೂ ಏರಬಲ್ಲರು. ಅಂದರೆ ವ್ರತಿಕ ಶ್ರಾವಕನು ನಿಂತಿರುವ ಮೆಟ್ಟಿಲು ಅವುಗಳಿಗೂ ಎಟಕುವಂತಹುದು. ತೀರ್ಥಂಕರರ ಸಮವಸರಣದಲ್ಲಿ ಹುಟ್ಟುವೈರಿಗಳಾದ ಪ್ರಾಣಿಗಳು ವೈರವನ್ನು ಮರೆತು ಒಂದೆಡೆ ಕುಳಿತು ದಿವ್ಯಧ್ವನಿಯನ್ನು ಕೇಳುತ್ತವೆ. ಅಲ್ಲಿ ಬೆಕ್ಕಿಗೂ ಇಲಿಗೂ ಒಂದೇ ನೆರಳು. ಭಗವಾನ್ ಮಹಾವೀರರ ಜೀವವೇ ಹಿಂದಿನ ಒಂದು ಭವದಲ್ಲಿ ಸಿಂಹವಾಗಿತ್ತು. ಜಿಂಕೆಯನ್ನು ಹಿಡಿದ ಆ ಸಿಂಹದ ಬಳಿಗೆ ಚಾರಣಮುನಿಗಳು ಇಳಿದುಬಂದು ಧರ್ಮವನ್ನು ಬೋಧಿಸಿದರು. ಅದು ವ್ರತವನ್ನು ತಾಳಿ, ಆಹಾರವನ್ನು ತೊರೆದು, ಶಾಂತಭಾವದಿಂದ ದೇಹವನ್ನು ಬಿಟ್ಟಿತು. ಬೆಕ್ಕಿನ ಕುಲದ ಹಿರಿಯನೇ ಉಪವಾಸದಿಂದ ತೀರ್ಥಂಕರಪದದ ಹಾದಿ ಹಿಡಿದನೆಂಬ ಪುರಾಣವನ್ನು ಕೇಳುತ್ತಾ, ಆ ಕುಲದ ಕೂಸು ಹಿತ್ತಲಲ್ಲಿ ಹಸಿದು ಕೂಗುವುದನ್ನು ಕೇಳಿಸಿಕೊಳ್ಳದಿರುವುದು ಯಾವ ಶ್ರಾವಕತ್ವ?

ಎರಡನೆಯ ಸಂದೇಹ, ಪರ್ವದಿನದಲ್ಲಿ ಆರಂಭತ್ಯಾಗ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನವನ್ನು ತಡೆಯುವುದು. ಕೊನೆಯದನ್ನು ವಿವರಿಸುತ್ತಾ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಗೋವು ಮೊದಲಾದ ಪ್ರಾಣಿಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯನ್ನುಂಟುಮಾಡುವುದೇ ಅನ್ನಪಾನನಿರೋಧವೆಂದಿದ್ದಾರೆ. ಆ ಪೂಜ್ಯಪಾದರ ಸ್ಮರಣೆಯು ಇದೇ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿ ಕ್ಷೇತ್ರದೊಡನೆ ಬೆಸೆದುಕೊಂಡಿರುವುದನ್ನು ಈ ಭಾಗದ ಶ್ರಾವಕರು ಬಲ್ಲರು. ತನ್ನ ಅನ್ನವನ್ನು ತಾನು ತಡೆದರೆ ಅದು ಉಪವಾಸ. ತನ್ನನ್ನೇ ನಂಬಿದ ಜೀವದ ಅನ್ನವನ್ನು ತಡೆದರೆ ಅದು ಅತಿಚಾರ. ಪ್ರೋಷಧದ ದಿನ ಕೊಟ್ಟಿಗೆಯ ಹಸುವಿಗೆ ಹುಲ್ಲು ನೀರು ನಿಲ್ಲಿಸುವವರು ಯಾರೂ ಇಲ್ಲ. ಮರಿಗೆ ಹಾಲು ನಿಲ್ಲಿಸುವುದಕ್ಕೂ ಕಾರಣವಿಲ್ಲ.

ಅಷ್ಟೇ ಅಲ್ಲ. ಪ್ರೋಷಧೋಪವಾಸಕ್ಕೆ ಹೇಳಿದ ಅತಿಚಾರಗಳಲ್ಲಿ, ಚೆನ್ನಾಗಿ ನೋಡದೆ, ಮೃದುವಾಗಿ ಒರೆಸದೆ ವಸ್ತುಗಳನ್ನು ಎತ್ತುವುದು, ಇಡುವುದು, ಹಾಸುವುದು ಬರುತ್ತವೆ. ಸೂತ್ರಕಾರರು ಸೂಕ್ಷ್ಮ ಜಂತುಗಳನ್ನು ನೆನೆದು ಹೇಳಿದ ಈ ಮಾತು ಬೆಕ್ಕಿನ ಮರಿಗಳ ವಿಷಯದಲ್ಲಿ ಎಷ್ಟು ಸಾರ್ಥಕವೆಂಬುದು ಹಳ್ಳಿಯ ಮನೆಗಳವರಿಗೆ ಗೊತ್ತು. ತಾಯಿಬೆಕ್ಕು ಈಯುವುದು ಸೌದೆಯ ರಾಶಿಯಲ್ಲಿ, ಹುಲ್ಲಿನ ಮೆದೆಯಲ್ಲಿ, ಅಟ್ಟದ ಮೇಲಿನ ಹಳೆಯ ಬಟ್ಟೆಗಳಲ್ಲಿ, ಉರಿಯದೆ ಬಿಟ್ಟ ಬಚ್ಚಲೊಲೆಯ ಒಳಗೆ. ನೋಡದೆ ಎಳೆದ ಸೌದೆ, ನೋಡದೆ ಹೊತ್ತಿಸಿದ ಒಲೆ ಎಷ್ಟು ಮರಿಗಳನ್ನು ಕೊಂದಿಲ್ಲ! ಈಗಿನ ದಿನಗಳಲ್ಲಿ ನಿಂತ ಮೋಟಾರು ವಾಹನದ ಬಿಸಿಗೆ ಮರಿಗಳು ಎಂಜಿನ್ನಿನ ಬಳಿ ಸೇರಿಕೊಳ್ಳುತ್ತವೆ. ಹೊರಡುವ ಮುನ್ನ ಮುಂಭಾಗವನ್ನು ಎರಡು ಬಾರಿ ತಟ್ಟಿದರೆ ಒಂದು ಜೀವ ಉಳಿದೀತು. ಪ್ರಮಾದದ ಯೋಗದಿಂದ ಪ್ರಾಣಗಳಿಗೆ ಉಂಟಾಗುವ ಘಾತವೇ ಹಿಂಸೆ ಎಂಬ ಸೂತ್ರಾರ್ಥವನ್ನು ಇದಕ್ಕಿಂತ ಸರಳವಾಗಿ ಆಚರಿಸುವ ಬಗೆ ಇಲ್ಲ.

ಮೂರನೆಯ ಸಂದೇಹ, ರಾತ್ರಿಯದು. ರಾತ್ರಿಭೋಜನತ್ಯಾಗವು ಶ್ರಾವಕಾಚಾರದ ಹೆಗ್ಗುರುತು. ಅದನ್ನು ಸಡಿಲಿಸುವ ಮಾತೇ ಇಲ್ಲಿಲ್ಲ. ಆದರೆ ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಆ ತ್ಯಾಗವನ್ನು ಜೀವಿಗಳ ಮೇಲಣ ಅನುಕಂಪೆಗೇ ಹೊಂದಿಸಿ ಹೇಳಿದ್ದಾರೆಂಬುದನ್ನು ಮರೆಯಬಾರದು. ವ್ರತದ ಬೇರು ದಯೆ. ರಾತ್ರಿಭೋಜನವನ್ನು ತೊರೆದ ತಾಯಿ ತನ್ನ ಎಳೆಗೂಸಿಗೆ ರಾತ್ರಿ ಮೊಲೆ ತಪ್ಪಿಸುತ್ತಾಳೆಯೇ? ಕೂಸಿಗೆ ಹಗಲು ರಾತ್ರಿಗಳ ಭೇದವಿಲ್ಲ. ಹುಟ್ಟಿ ವಾರವಾಗದ ಬೆಕ್ಕಿನ ಮರಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು; ಒಂದು ರಾತ್ರಿಯ ನಿರಾಹಾರವೇ ಅದಕ್ಕೆ ಮರಣಕಾರಣವಾಗಬಹುದು. ದೀಪಕ್ಕೆ ಹುಳುಗಳು ಮುತ್ತದಂತೆ ಮರೆ ಮಾಡಿ, ಪಾತ್ರೆಯನ್ನು ಮುಚ್ಚಿಟ್ಟು, ಯತ್ನಾಚಾರದಿಂದ ಕೊಟ್ಟ ಆ ನಾಲ್ಕು ಹನಿಗಳಿಂದ ಕೊಡುವವಳ ವ್ರತ ಕೆಡುವುದಿಲ್ಲ. ಅವಳ ಬಾಯಿಗೆ ಏನೂ ಹೋಗಲಿಲ್ಲ. ಅವಳ ನಿದ್ರೆ ಮಾತ್ರ ಹೋಯಿತು. ಅದೂ ಒಂದು ತಪಸ್ಸೇ.

ಹೀಗೆ ಮೂರು ಸಂದೇಹಗಳೂ ನಿವಾರಣೆಯಾದುವು. ಆದರೆ ದಯೆಯೊಂದೇ ಸಾಲದು, ಜ್ಞಾನವೂ ಬೇಕು. ಮೊದಲು ಜ್ಞಾನ, ಆ ಮೇಲೆ ದಯೆ ಎಂಬುದು ಹಿರಿಯರ ಕ್ರಮ. ಅರಿಯದೆ ಮಾಡಿದ ಉಪಚಾರದಿಂದ ಸತ್ತ ಮರಿಗಳು ಅನೇಕ.

ಎಲ್ಲಕ್ಕಿಂತ ಮೊದಲು, ಎತ್ತಿಕೊಳ್ಳುವ ಮುನ್ನ ಕಾಯಬೇಕು. ಒಂಟಿಯಾಗಿ ಕಂಡ ಮರಿಗಳೆಲ್ಲ ಅನಾಥವಲ್ಲ. ತಾಯಿಬೆಕ್ಕು ಆಹಾರಕ್ಕಾಗಿ ಗಂಟೆಗಟ್ಟಲೆ ದೂರವಿರುವುದುಂಟು. ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತಿರುವುದೂ ಉಂಟು. ಮರಿಗಳ ಹೊಟ್ಟೆ ತುಂಬಿದ್ದು, ಮೈ ಬೆಚ್ಚಗಿದ್ದು, ಸದ್ದಿಲ್ಲದೆ ಮಲಗಿದ್ದರೆ ತಾಯಿ ಹತ್ತಿರದಲ್ಲೇ ಇದೆಯೆಂದು ತಿಳಿಯಬೇಕು. ದೂರದಲ್ಲಿ ಮರೆಯಾಗಿ ನಿಂತು ಕೆಲವು ಗಂಟೆ ನೋಡಬೇಕು. ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆಂಬ ನಂಬಿಕೆ ಸಾಮಾನ್ಯವಾಗಿ ನಿಜವಲ್ಲ. ತಾಯಿಯಿರುವ ಮರಿಯನ್ನು ಕರುಣೆಯ ಹೆಸರಿನಲ್ಲಿ ಒಯ್ಯುವುದು ತಾಯಿಮಕ್ಕಳನ್ನು ಅಗಲಿಸಿದ ದೋಷವೇ ಹೊರತು ರಕ್ಷಣೆಯಲ್ಲ.

ಗೋಪಿನಾಥಂನಂತಹ ಕಾಡಂಚಿನ ಊರುಗಳಲ್ಲಿ ಇನ್ನೂ ಒಂದು ಎಚ್ಚರ ಅವಶ್ಯಕ. ದಕ್ಷಿಣ ಕರ್ನಾಟಕದ ಕಾಡುಗಳಲ್ಲಿ ಕಾಡುಬೆಕ್ಕು, ಚಿರತೆಬೆಕ್ಕು, ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಿರುವ ಪುಟ್ಟ ಬೆಕ್ಕು ಇವೆಲ್ಲ ಇವೆ. ಹೊಲದ ಪೊದೆಗಳಲ್ಲಿ ಅವು ಮರಿ ಹಾಕುತ್ತವೆ. ಎಳೆಯ ಮರಿಗಳು ನೋಡಲು ಊರಬೆಕ್ಕಿನ ಮರಿಗಳಂತೆಯೇ ಇರುತ್ತವೆ. ಮೈಮೇಲೆ ಚುಕ್ಕೆ ಪಟ್ಟೆಗಳು ಎದ್ದು ಕಾಣುವ ಮರಿಗಳು ಹೊಲದಲ್ಲಿ ಸಿಕ್ಕರೆ ಅವನ್ನು ಅಲ್ಲಿಯೇ ಬಿಟ್ಟು, ಜನರನ್ನೂ ನಾಯಿಗಳನ್ನೂ ದೂರವಿರಿಸಿ, ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಅವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಧರ್ಮದೃಷ್ಟಿಯಿಂದ ಅದು ಬಂಧವೆಂಬ ಅತಿಚಾರ. ಕಾಡಿನ ಜೀವಕ್ಕೆ ಕಾಡನ್ನು ಉಳಿಸಿಕೊಡುವುದೇ ಅಭಯದಾನ.

ತಾಯಿ ಸತ್ತುದು ಅಥವಾ ಬಾರದಿರುವುದು ಖಚಿತವಾದ ಮೇಲೆ ಮೊದಲ ಉಪಚಾರ ಹಾಲಲ್ಲ, ಬಿಸುಪು. ಎಳೆಯ ಮರಿ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ತಣ್ಣಗಾದ ಮರಿಯ ಹೊಟ್ಟೆ ಆಹಾರವನ್ನು ಅರಗಿಸುವುದಿಲ್ಲ. ಆ ಸ್ಥಿತಿಯಲ್ಲಿ ಎರೆದ ಹಾಲೇ ಅದಕ್ಕೆ ಮುಳುವಾಗುತ್ತದೆ. ಬಿಸಿನೀರು ತುಂಬಿದ ಶೀಶೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ಒಂದು ಬದಿಯಲ್ಲಿಟ್ಟು, ಸೆಕೆಯಾದರೆ ಮರಿ ಸರಿದುಕೊಳ್ಳಲು ಇನ್ನೊಂದು ಬದಿಯನ್ನು ಬಿಟ್ಟು, ನಿಧಾನವಾಗಿ ಬೆಚ್ಚಗಾಗಿಸಬೇಕು. ಒಲೆಯ ಮುಂದೆ ಹಿಡಿಯಬಾರದು.

ಆ ಮೇಲೆ ಹಾಲು. ಹಸುವಿನ ಹಾಲನ್ನು ಪವಿತ್ರವೆಂದು ಎರೆಯುವುದು ವಾಡಿಕೆ. ಆದರೆ ಬೆಕ್ಕಿನ ಹಾಲಿನಲ್ಲಿ ಇರುವಷ್ಟು ಸಸಾರಜನಕವೂ ಕೊಬ್ಬೂ ಅದರಲ್ಲಿಲ್ಲ. ಮರಿಗೆ ಅದು ಭೇದಿ ತರಿಸುತ್ತದೆ, ಭೇದಿಯಿಂದ ನೀರಿನಂಶ ಕಳೆದುಕೊಂಡ ಎಳೆಯ ಮರಿ ಬೇಗ ಸಾಯುತ್ತದೆ. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಪಟ್ಟಣಗಳ ಪಶು ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಕೆಲವು ಪುಡಿಗಳಲ್ಲಿ ಮೊಟ್ಟೆಯ ಅಥವಾ ಪ್ರಾಣಿಕೊಬ್ಬಿನ ಅಂಶವಿರುವುದರಿಂದ ಶ್ರಾವಕರು ಡಬ್ಬಿಯ ಮೇಲಿನ ವಿವರವನ್ನು ಓದಿ, ಪಶುವೈದ್ಯರನ್ನು ಕೇಳಿ ಆರಿಸಿಕೊಳ್ಳಬೇಕು. ಶೋಧಿಸಿ ಕಾಯಿಸಿದ ನೀರಿನಲ್ಲಿ ಪ್ರತಿಸಲವೂ ಹೊಸದಾಗಿ ಕದಡಿ, ಉಗುರುಬೆಚ್ಚಗೆ ಕೊಟ್ಟು, ಉಳಿದುದನ್ನು ಮತ್ತೆ ಬಳಸದಿರಬೇಕು. ಹಾಲಿನ ಮರ್ಯಾದೆಯ ಕಾಲವನ್ನು ಪಾಲಿಸುವ ಮನೆಯವರಿಗೆ ಈ ಶುದ್ಧಿ ಹೊಸ ಪಾಠವಲ್ಲ. ಹಾಲು ಕುಡಿಸುವಾಗ ಮನುಷ್ಯರ ಕೂಸಿನಂತೆ ಅಂಗಾತ ಮಲಗಿಸಕೂಡದು. ಹಾಲು ಶ್ವಾಸಕೋಶಕ್ಕೆ ಹೋದರೆ ಮರಿ ಉಳಿಯುವುದು ಕಷ್ಟ. ತಾಯಿಯ ಬಳಿ ಇರುವಂತೆ ಹೊಟ್ಟೆ ಕೆಳಗಾಗಿ ಇರಿಸಿ, ಪುಟ್ಟ ತೊಟ್ಟಿನಿಂದ, ಅದು ಚೀಪಿದಷ್ಟನ್ನೇ ಕೊಡಬೇಕು. ಕುಡಿದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೃದುವಾಗಿ ಒರೆಸಬೇಕು. ತಾಯಿ ನೆಕ್ಕದಿದ್ದರೆ ಮೊದಲ ಮೂರು ವಾರ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು.

ಹುಟ್ಟಿದಾಗ ಮರಿಯ ತೂಕ ಸುಮಾರು 100 ಗ್ರಾಂ. ದಿನಕ್ಕೆ ಸುಮಾರು 10 ಗ್ರಾಂ ಏರಬೇಕು. ಅಡಿಗೆಮನೆಯ ಚಿಕ್ಕ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಟ್ಟರೆ, ಮರಿ ಸೋಲುತ್ತಿರುವುದು ಕಣ್ಣಿಗೆ ಕಾಣುವ ಮೊದಲೇ ತಿಳಿಯುತ್ತದೆ. 7ರಿಂದ 14 ದಿನಗಳೊಳಗೆ ಕಣ್ಣು ತೆರೆಯುತ್ತದೆ. ನಾಲ್ಕು ವಾರಗಳಾದ ಮೇಲೆ ಗಟ್ಟಿ ಆಹಾರದ ಕಡೆಗೆ ತಿರುಗುತ್ತದೆ. ಮರಿಯೋ ದೊಡ್ಡ ಬೆಕ್ಕೋ ಕಚ್ಚಿದರೆ, ಪರಚಿದರೆ, ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು. ಹುಚ್ಚುನಾಯಿ ರೋಗವು ಬೆಕ್ಕಿನಿಂದಲೂ ಬರುತ್ತದೆ.

ಇಲ್ಲಿಗೆ ಶ್ರಾವಕನ ಮುಂದೆ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಬಂದು ನಿಲ್ಲುತ್ತದೆ. ಹಾಲು ಬಿಟ್ಟ ಮೇಲೇನು? ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಟಾರಿನ್ ಎಂಬ ದ್ರವ್ಯವಿಲ್ಲದ ಆಹಾರದಿಂದ ಅದರ ಕಣ್ಣು ಕುರುಡಾಗುತ್ತದೆ, ಹೃದಯ ಸೋಲುತ್ತದೆ. ಹಾಲು ಅನ್ನಗಳಿಂದ ಮಾತ್ರ ಅದನ್ನು ಆರೋಗ್ಯವಾಗಿ ಬೆಳೆಸಲಾಗದು. ಕೃತಕ ಟಾರಿನ್ ಬೆರೆಸಿದ ಸಸ್ಯಜನ್ಯ ಆಹಾರಗಳು ಈಗ ಇವೆಯಾದರೂ ಅವುಗಳ ವಿಷಯದಲ್ಲಿ ಪಶುವೈದ್ಯರೆಲ್ಲರ ಒಮ್ಮತವಿಲ್ಲ. ಶ್ರಾವಕನಾದರೋ ಮಾಂಸವನ್ನು ಮುಟ್ಟುವಂತಿಲ್ಲ, ಕೊಳ್ಳುವಂತಿಲ್ಲ. ಇದನ್ನು ಮರೆಮಾಚಿ ದಯೆಯ ಮಾತಾಡುವುದು ಸತ್ಯವ್ರತಕ್ಕೆ ಸಲ್ಲದು.

ಈ ಇಕ್ಕಟ್ಟಿನಲ್ಲಿ ಸಮಾಜದ ಹಿರಿಯರು ನಡೆದ ಒಂದು ದಾರಿಯುಂಟು. ದಿಲ್ಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಲವು ದಶಕಗಳಿಂದ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆ ನಡೆದುಬಂದಿದೆ. ಅಲ್ಲಿ ಕಾಳು ತಿನ್ನುವ ಹಕ್ಕಿಗಳನ್ನು ಒಳಗಿರಿಸಿಕೊಂಡು ಆರೈಕೆ ಮಾಡುತ್ತಾರೆ. ಹದ್ದು ಮೊದಲಾದ ಮಾಂಸಾಹಾರಿ ಪಕ್ಷಿಗಳು ಬಂದರೆ ತಳ್ಳಿಬಿಡುವುದಿಲ್ಲ. ಔಷಧೋಪಚಾರ ಮಾಡಿ ಕಳುಹಿಸುತ್ತಾರೆ, ಒಳಗಿರಿಸಿಕೊಳ್ಳುವುದಿಲ್ಲ. ದಯೆಗೆ ಭೇದವಿಲ್ಲ, ಪೋಷಣೆಗೆ ಮಿತಿಯುಂಟು ಎಂಬುದೇ ಆ ಪದ್ಧತಿಯ ಸಾರ.

ಬೆಕ್ಕಿನ ಮರಿಯ ವಿಷಯದಲ್ಲಿ ಈ ಮಿತಿ ಆಶ್ಚರ್ಯಕರವಾಗಿ ಹೊಂದಿಕೊಳ್ಳುತ್ತದೆ. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ ಸಂಸ್ಥೆಯಂತೆ ಪ್ರಾಣಿಗಳ ರಕ್ಷಣೆಗೆ ನಿಂತ ಸಂಸ್ಥೆಗಳು ನಾಡಿನ ನಗರಗಳಲ್ಲಿವೆ. ಇಂತಹ ಆಶ್ರಯಧಾಮಗಳಲ್ಲಿ ಬೆಳೆದ ಬೆಕ್ಕುಗಳನ್ನು ನೋಡಿಕೊಳ್ಳುವುದು ಒಂದು ರೀತಿ ಸುಲಭ. ಹಾಲು ಬಿಡದ ಮರಿಗಳನ್ನು ಉಳಿಸುವುದೇ ಕಷ್ಟ. ಎರಡು ಗಂಟೆಗೊಮ್ಮೆ ಎದ್ದು ಹಾಲೆರೆಯಲು ಅಷ್ಟು ಕೈಗಳು ಎಲ್ಲಿಂದ ಬರಬೇಕು? ಮೇಲಾಗಿ ಅನೇಕ ಪ್ರಾಣಿಗಳು ಸೇರಿದೆಡೆ ಸೋಂಕುಗಳು ಬೇಗ ಹರಡುತ್ತವೆ. ತಾಯಿಹಾಲಿನ ಬಲವಿಲ್ಲದ ಎಳೆಯವು ಮೊದಲು ಬಲಿಯಾಗುತ್ತವೆ. ಆದುದರಿಂದಲೇ ಇಂತಹ ಮರಿಗಳನ್ನು ಕೆಲವು ವಾರಗಳ ಮಟ್ಟಿಗೆ ತಮ್ಮ ಮನೆಯಲ್ಲಿಟ್ಟು ಬೆಳೆಸಿ ಮರಳಿಸುವ ಗೃಹಸ್ಥರನ್ನು ಆಶ್ರಯಧಾಮಗಳು ಅಪೇಕ್ಷಿಸುತ್ತವೆ. ಆಶ್ರಯಧಾಮಕ್ಕೆ ಎಲ್ಲಕ್ಕಿಂತ ಅಗತ್ಯವಾದುದು ಆ ಹಾಲಿನ ತಿಂಗಳು. ಶ್ರಾವಕರ ಮನೆ ವ್ರತಭಂಗವಿಲ್ಲದೆ ಕೊಡಬಹುದಾದುದೂ ಆ ಹಾಲಿನ ತಿಂಗಳೇ. ಹಾಲು ಕುಡಿಯುವವರೆಗೆ ಯಾವ ಮರಿಯೂ ಮಾಂಸಾಹಾರಿಯಲ್ಲ. ಆ ಅವಧಿಯಲ್ಲಿ ಅದಕ್ಕೆ ತಾಯಿಯಾಗಿ, ಅವಧಿ ಮುಗಿದಾಗ ಅದರ ಪ್ರಕೃತಿಯನ್ನು ಬಲ್ಲವರ ಕೈಗೆ ಒಪ್ಪಿಸಿ ಹಿಂದೆ ಸರಿಯುವುದು ಶ್ರಾವಕಧರ್ಮಕ್ಕೆ ಅವಿರೋಧವಾದ ಮಾರ್ಗ. ಆಚೆಗೆ ಅದು ತಿನ್ನುವುದಕ್ಕೆ ಅವನ ಕೃತವಿಲ್ಲ, ಕಾರಿತವಿಲ್ಲ, ಅನುಮೋದನೆಯಿಲ್ಲ.

ಹಿಂದೆ ಸರಿಯುವುದೆಂದರೆ ಬೀದಿಗೆ ಬಿಡುವುದಲ್ಲವೆಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಲಸಿಕೆಗಳನ್ನು ಹಾಕಿಸಿ, ಸಂತಾನಶಸ್ತ್ರಚಿಕಿತ್ಸೆಗೆ ವಯಸ್ಸಾದಾಗ ಅದಕ್ಕೂ ಏರ್ಪಾಡು ಮಾಡುವುದು ಒಪ್ಪಿಸಿಕೊಂಡವರ ಕರ್ತವ್ಯ. ನೆರವಾಗುವುದು ಒಪ್ಪಿಸಿದವರ ಕರ್ತವ್ಯ. ಇದು ಛೇದವೆಂಬ ಅತಿಚಾರವಲ್ಲವೇ ಎಂಬ ಶಂಕೆ ಬರಬಹುದು. ಕಷಾಯಭಾವದಿಂದ ಅಂಗವನ್ನು ಕತ್ತರಿಸುವವನಿಗೂ, ವೇದನೆ ತಿಳಿಯದಂತೆ ಔಷಧ ಕೊಟ್ಟು ಹಿತಕ್ಕಾಗಿ ಶಸ್ತ್ರವನ್ನೆತ್ತುವ ವೈದ್ಯನಿಗೂ ಇರುವ ಅಂತರವನ್ನು ಆಚಾರ್ಯರು ಮೊದಲೇ ಗುರುತಿಸಿದ್ದಾರೆ. ವರ್ಷವರ್ಷವೂ ಹುಟ್ಟಿ ಬೀದಿಯಲ್ಲಿ ಸಾಯುವ ಮರಿಗಳ ದುಃಖವನ್ನು ನೆನೆದವರಿಗೆ ಆ ಅಂತರ ತಿಳಿಯುವುದು ಕಷ್ಟವಲ್ಲ.

ಇಷ್ಟೆಲ್ಲ ಮಾಡಿಯೂ ಮರಿ ಉಳಿಯದೆ ಹೋಗಬಹುದು. ತಾಯಿಯಿಲ್ಲದ ಎಳೆಯ ಮರಿಗಳಲ್ಲಿ, ಪಳಗಿದ ಕೈಗಳಲ್ಲಿದ್ದರೂ, ಕೆಲವು ಸಾಯುತ್ತವೆ. ಆಗ ಮನೆಯ ಮಕ್ಕಳು ಅಳುತ್ತಾರೆ. ಹಿರಿಯರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಜೀವಂಧರ ಕುಮಾರನ ಕಥೆ ಅಂತಹ ವೇಳೆಗೆಂದೇ ಇದೆ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯನ್ನು ಬದುಕಿಸಲು ಅವನಿಂದಾಗಲಿಲ್ಲ. ಆದರೂ ಎದ್ದು ಹೋಗಲಿಲ್ಲ. ಬಳಿಯಲ್ಲಿ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದನು. ಆ ಜೀವ ಶಾಂತವಾಗಿ ಹೋಗಿ ಯಕ್ಷನಾಗಿ ಜನಿಸಿತೆಂದು ಕಥೆ ಹೇಳುತ್ತದೆ. ಆಯುಷ್ಯವನ್ನು ಕೊಡುವುದು ಮನುಷ್ಯನ ಕೈಯಲ್ಲಿಲ್ಲ. ಬೆಚ್ಚನೆಯ ಬಟ್ಟೆಯನ್ನೂ, ಒಂದು ಕೈಯ ಆಸರೆಯನ್ನೂ, ಒಂದು ಮಂತ್ರವನ್ನೂ ಕೊಡುವುದು ಅವನ ಕೈಯಲ್ಲಿದೆ.

ಗೋಪಿನಾಥಂ ಎಂಬ ಹೆಸರು ನಾಡಿನ ಕಿವಿಗೆ ಬಹುಕಾಲ ಹಿಂಸೆಯ ಹೆಸರಾಗಿಯೇ ಕೇಳಿಸಿತು. ದಂತಕ್ಕಾಗಿ ಆನೆಗಳನ್ನು ಕೊಂದ ವೀರಪ್ಪನ್ ಹುಟ್ಟಿದ ಊರು ಅದು. ಆದರೆ ಅದೇ ಊರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ನೆಲೆಸಿ, ಜನರ ಕಷ್ಟಸುಖಗಳನ್ನು ವಿಚಾರಿಸಿಕೊಂಡು, ಆಯುಧಕ್ಕಿಂತ ವಿಶ್ವಾಸವೇ ಮೇಲೆಂದು ನಂಬಿ ದುಡಿದರು. ಶರಣಾಗತಿಯ ಮಾತನ್ನು ನಂಬಿ ನಿರಾಯುಧರಾಗಿ ಕಾಡಿಗೆ ಹೋದ ಅವರು 1991ರ ನವೆಂಬರ್ 10ರಂದು ಕೊಲೆಯಾದರು. ಮರಣಾನಂತರ ಅವರಿಗೆ ಕೀರ್ತಿಚಕ್ರ ಸಂದಿತು. ಅವರು ಜೈನರಲ್ಲ, ಅಣುವ್ರತಿಗಳೆಂದು ಹೆಸರು ಬರೆಸಿಕೊಂಡವರೂ ಅಲ್ಲ. ಆದರೂ ಆ ಊರಿನವರು ಇಂದಿಗೂ ಅವರನ್ನು ನೆನೆಯುತ್ತಾರೆ. ಒಂದು ಊರಿನ ಹೆಸರನ್ನು ಹಿಂಸೆಯೂ ಬರೆಯಬಲ್ಲುದು, ಅಭಯವೂ ಬರೆಯಬಲ್ಲುದು. ಒಂದು ಮನೆಯ ಹಿತ್ತಲಿಗೂ ಅದೇ ಮಾತು.

ದೃಷ್ಟಾಂತದ ಆ ಮನೆಯಲ್ಲಿ ಅತ್ತೆಯವರು ಸ್ವಲ್ಪ ಹೊತ್ತು ಮೌನವಾಗಿ ಕುಳಿತರೆಂದು ಭಾವಿಸೋಣ. ಬಳಿಕ ಎದ್ದು, ತಮ್ಮ ಹಳೆಯ ಸೀರೆಯ ತುಂಡೊಂದನ್ನು ತಂದು, ಹುಳುಹುಪ್ಪಟೆಗಳಿಲ್ಲವೆಂದು ನೋಡಿ, ಕೊಡವಿ, ಪೆಟ್ಟಿಗೆಯಲ್ಲಿ ಹಾಸಿದರು. "ಮೊದಲು ಬೆಚ್ಚಗಾಗಲಮ್ಮ. ಪೇಟೆಗೆ ಹೋಗುವವರ ಕೈಲಿ ಹಾಲಿನ ಪುಡಿ ತರಿಸು. ಅಲ್ಲಿಯವರೆಗೆ ಏನು ಕೊಡಬೇಕೆಂದು ಪಶುವೈದ್ಯರನ್ನು ಕೇಳು. ರಾತ್ರಿ ಮೊದಲ ಜಾವ ನಾನು ಎದ್ದಿರುತ್ತೇನೆ; ಹೇಗೂ ಜಪಕ್ಕೆ ಕೂರುವವಳು."

ಮರುದಿನ ಸೂರ್ಯೋದಯವಾದ ಮೇಲೆ ಮನೆಯಲ್ಲಿ ಪಾರಣೆಗೆ ಸಿದ್ಧತೆ ನಡೆಯಿತು. ಸೊಸೆ ತಟ್ಟೆಗಳನ್ನು ಹಾಕಿ ಅತ್ತೆಯವರನ್ನು ಕರೆದಳು. ಅವರು ಪೆಟ್ಟಿಗೆಯ ಬಳಿ ಕುಳಿತು, ಮೂರನೆಯ ಮರಿ ಹಾಲು ಕುಡಿದು ಮುಗಿಸುವುದನ್ನು ಕಾಯುತ್ತಿದ್ದರು. ಅದು ಮುಗಿದ ಮೇಲೆ ಕೈ ತೊಳೆದು, ಣಮೋಕಾರವನ್ನು ಸ್ಮರಿಸಿ, ತಮ್ಮ ಪಾರಣೆಗೆ ಬಂದರು. ಉಪವಾಸವು ಪೂರ್ಣವಾಯಿತು.

ವ್ರತನಿಷ್ಠರಾದ ಶ್ರಾವಕ ಶ್ರಾವಿಕೆಯರ ಮನೆಗಳಲ್ಲಿ ಇಂತಹ ಪಾರಣೆಗಳು ಹೆಚ್ಚಲಿ; ಸಕಲ ಜೀವಿಗಳಿಗೂ ಅಭಯವಾಗಲಿ.